ಗುಡಿಸಿದ ತೋಪಿಗೆ ಬಡ್ಡಿ ರಿಯಾಯಿತಿ

ಎರಡು ತಿಂಗಳ ಹಿಂದೆ ನಮ್ಮ ನಾಗಮ್ಮತ್ತೆ ಕಾಡು ಗುಡಿಸಿಟ್ಟರು.

ಅಲಂಕಾರದ ಮಾತಲ್ಲ ಇದು. ಹದಿನಾಲ್ಕು ಹೆಂಗಸರನ್ನು ಕೂಲಿಗೆ ಕರೆದು, ಕೈಗೆ ಪೊರಕೆ ಕೊಟ್ಟು, ನಾಲ್ಕು ದಿನ ಗುಡಿಸಿಸಿದರು. ಎಂಟು ಎಕರೆ ಮರದ ತೋಪು ಮನೆಯಂಗಳದಂತಾಯಿತು. ಬಿದ್ದ ಎಲೆಯನ್ನೆಲ್ಲ ಬಳಿದು ಸುಟ್ಟರು. ಮರಗಳ ಕೆಳಗಿನ ಪೊದೆ ಕಡಿಸಿದರು. ಒಣಗಿ ಟೊಳ್ಳಾಗಿ ನಿಂತಿದ್ದ ಎರಡು ಬೂರುಗದ ಮರಗಳನ್ನು ಉರುಳಿಸಿ ಸೌದೆ ಮಾಡಿದರು. ಒಂದೊಂದು ತೇಗದ ಬುಡಕ್ಕೂ ಮೊಳಕಾಲೆತ್ತರ ಸುಣ್ಣ, ಸುಣ್ಣದ ಮೇಲೆ ಕೆಮ್ಮಣ್ಣಿನ ಪಟ್ಟಿ. ಗೇಟಿನ ಮುಂದೆ ರಂಗೋಲಿ ಬೇರೆ.

ಯಾಕೆ ಅಂತೀರಾ? ತೋಪಿನಲ್ಲಿ ಎಷ್ಟು ಬಗೆಯ ಹಕ್ಕಿ, ಹುಳು, ಪ್ರಾಣಿ ಇವೆ ಎಂದು ಎಣಿಸಲು ಮುಂಬೈಯಿಂದ ಜನ ಬರುತ್ತಿದ್ದರು.

(ನಗಬೇಕೆನಿಸಿದರೆ ನಗಿ. ನಾನೂ ನಕ್ಕೆ. ಹದಿನೈದು ನಿಮಿಷ ಅಷ್ಟೇ.)

ಅತ್ತೆ ಎಂದರೆ ಗಂಡನ ತಾಯಿ ಅಲ್ಲ, ನಮ್ಮಪ್ಪನ ತಂಗಿ. ವಯಸ್ಸು ಅರವತ್ತೆಂಟು. ತೇನಿಯಿಂದ ಕಂಬಂ ಕಡೆಗೆ ಬಸ್ಸಿನಲ್ಲಿ ಹೋಗುವಾಗ ದ್ರಾಕ್ಷಿ ಚಪ್ಪರಗಳು ಮುಗಿದು ಬೆಟ್ಟ ಹತ್ತಿರವಾಗುವ ಕಡೆ ಅವರ ಊರು. ಆ ಕಣಿವೆಯಲ್ಲಿ ನಾವು ಕನ್ನಡದವರು ನೂರಾರು ವರ್ಷಗಳಿಂದ ಬೇಸಾಯ ಮಾಡಿಕೊಂಡಿದ್ದೇವೆ. ಯಾವಾಗ ಬಂದಿರಿ, ಯಾಕೆ ಬಂದಿರಿ ಎಂದು ಕೇಳಿದರೆ ಮನೆಗೊಂದು ಕತೆ ಹೇಳುತ್ತಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಜಗಳಕ್ಕೆ ಎರಡೂ. ನಾನು ಮದುವೆಯಾಗಿ ಮೈಸೂರಿಗೆ ಬಂದ ಹೊಸದರಲ್ಲಿ ಬಾಯಿ ತೆರೆದರೆ ಪಕ್ಕದ ಮನೆಯವರು "ನಿಮ್ಮದು ಯಾವ ಭಾಷೆ?" ಎಂದು ಕೇಳುತ್ತಿದ್ದರು. ಕನ್ನಡ ಎಂದರೆ ನಂಬುತ್ತಿರಲಿಲ್ಲ. ಈಗ ಅದೇ ಕನ್ನಡದಲ್ಲಿ ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುತ್ತಿದ್ದೇನೆ.

ಅತ್ತೆಗೆ ದುಡ್ಡು ಬೇಕಿತ್ತು. ಹಳೆಯ ಸಾಲ ತೀರಿಸಲಿಕ್ಕಲ್ಲ, ನೆಲ ಕೊಳ್ಳಲಿಕ್ಕೆ.

ತೋಪಿನ ಮೇಲ್ಗಡೆ ಅವರ ಮೈದುನನ ನಾಲ್ಕು ಎಕರೆ ಇದೆ. ಬೆಟ್ಟದಿಂದ ಇಳಿಯುವ ಹಳ್ಳ ಆ ನಾಲ್ಕು ಎಕರೆ ದಾಟಿಯೇ ಅತ್ತೆಯ ತೋಪಿಗೆ ಬರಬೇಕು. ಮೈದುನ ಪೆರಿಯಕುಳದಲ್ಲಿ ಮಾವಿನ ಮಂಡಿ ಇಟ್ಟವನು, ಇತ್ತ ತಲೆ ಹಾಕುವುದಿಲ್ಲ. ಮಾರುತ್ತೇನೆ ಎಂದ. ದಿಂಡಿಗಲ್ ಕಡೆಯ ಒಬ್ಬ ರಿಸಾರ್ಟಿನವನು ಬಂದು ಬೆಲೆಯನ್ನೂ ಹೇಳಿ ಹೋದ. ಹಳ್ಳಕ್ಕೆ ಅಡ್ಡ ಕಟ್ಟಿ ಈಜುಕೊಳ ಮಾಡುತ್ತಾನಂತೆ. ಆದರೆ ನಮ್ಮ ಕಡೆ ಆಡಿ ತಿಂಗಳಲ್ಲಿ (ನಿಮ್ಮ ಆಷಾಢ ಇದ್ದ ಹಾಗೆ, ಅದಾದ ಮೇಲಿನದು ಆವಣಿ) ಯಾರೂ ನೆಲದ ರಿಜಿಸ್ಟ್ರೇಷನ್ ಮಾಡಿಸುವುದಿಲ್ಲ. ಆಡಿ ಕಳೆದು ಆವಣಿ ಹುಟ್ಟಲಿ, ಅಷ್ಟರಲ್ಲಿ ಅತ್ತಿಗೆ ದುಡ್ಡು ಹೊಂದಿಸಿದರೆ ಅವರಿಗೇ ಕೊಡುತ್ತೇನೆ ಎಂದು ಮೈದುನ ಗಡುವು ಕೊಟ್ಟ.

ಅತ್ತೆಯ ಹತ್ತಿರ ಮರ ಇತ್ತು. ಕಡಿದರೆ ದುಡ್ಡು. ಆದರೆ ತೇಗಕ್ಕೆ ಹನ್ನೆರಡೇ ವರ್ಷ, ಮರದ ಲೆಕ್ಕದಲ್ಲಿ ಇನ್ನೂ ಮೀಸೆ ಚಿಗುರದ ವಯಸ್ಸು. ಇನ್ನೊಂದು ಹತ್ತು ವರ್ಷ ನಿಂತರೆ ಬಾಗಿಲು, ಮಂಚ. ಈಗ ಕಡಿದರೆ ಬರೀ ಕಂಬ. ಬ್ಯಾಂಕಿನವರು ನಿಂತ ಮರ ನೋಡಿ ಸಾಲ ಕೊಡಲು ಒಪ್ಪಲಿಲ್ಲ.

ಆಗ ನಾನು ಮಧ್ಯೆ ಬಂದೆ. (ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುತ್ತಾರೆ. ಎಡವಟ್ಟಿಯರ ಬಗ್ಗೆ ಗಾದೆ ಮಾಡಿದವರು ಯಾಕೋ ಸುಮ್ಮನಿದ್ದಾರೆ.)

ನನ್ನ ಗೆಳತಿಯೊಬ್ಬಳ ಮೂಲಕ ಒಂದು ಫಂಡಿನ ಪತ್ತೆ ಸಿಕ್ಕಿತ್ತು. ಪ್ರೈವೇಟ್ ಕ್ರೆಡಿಟ್ ಅಂತ ಅದರ ಹೆಸರು. ಬ್ಯಾಂಕು ಕೊಡದ ಸಾಲವನ್ನು ಬ್ಯಾಂಕಲ್ಲದವರು ಕೊಡುವುದು. ಹಾಗೆ ಕೊಡುವ ಅಂಗಡಿಗೆ ನಮ್ಮ ಕಂಬಂ ಬೀದಿಯಲ್ಲಿ 'ವಟ್ಟಿ ಕಡೆ' ಅನ್ನುತ್ತಿದ್ದರು. ಬಡ್ಡಿ ಅಂಗಡಿ. ಅಲ್ಲಿ ಚಾಪೆಯ ಮೇಲೆ ಕೂತ ಒಬ್ಬ ದಪ್ಪ ಮನುಷ್ಯ, ಎದುರಿಗೊಂದು ಕಬ್ಬಿಣದ ಪೆಟ್ಟಿಗೆ. ಈಗ ಆ ಚಾಪೆ ಗಾಜಿನ ಕಟ್ಟಡಕ್ಕೆ ಹೋಗಿದೆ, ಮನುಷ್ಯ ಜಿಮ್ಮಿಗೆ ಹೋಗಿ ಸಣ್ಣಗಾಗಿದ್ದಾನೆ.

ಈ ಫಂಡಿನ ಸಾಲಕ್ಕೆ ಒಂದು ಹಸಿರು ಶಾಲು ಕೂಡ ಹೊದಿಸಿದ್ದರು. ಮರ ಬೆಳೆಸಿ, ಕಡಿದು, ಮಾರುವವರಿಗೆ ಈ ಸಾಲ. ಕಡಿಯುವುದನ್ನು ಬಿಡಬೇಕಿಲ್ಲ. ಆದರೆ ಆ ಮರಗಳ ನಡುವೆ ಹಕ್ಕಿ, ಅಳಿಲು, ಕಪ್ಪೆ, ಜೇಡ ಎಲ್ಲ ಬದುಕಿರಬೇಕು. ವರ್ಷಕ್ಕೊಮ್ಮೆ ಎಣಿಸುತ್ತಾರೆ. ಅವು ಹೆಚ್ಚಿದರೆ ಬಡ್ಡಿ ಇಳಿಯುತ್ತದೆ, ಕಡಿಮೆಯಾದರೆ ಬಡ್ಡಿ ಏರುತ್ತದೆ.

ಕೆಟ್ಟ ಯೋಚನೆಯೇ? ನನಗಂತೂ ಓದಿ ಖುಷಿಯಾಯಿತು. ಇಷ್ಟು ದಿನ ಕಾಡು ಉಳಿಸಿ ಎಂದು ಬರೀ ಭಾಷಣ ಕೇಳಿದ್ದೆವು, ಯಾರೋ ಒಬ್ಬರು ಜೇಬಿಗೆ ಕೈ ಹಾಕಿದ್ದಾರಲ್ಲ ಅನ್ನಿಸಿತು. "ನಮ್ಮ ಹೌಸಿಂಗ್ ಲೋನ್ ತೀರುವ ಮೊದಲೇ ಎರಡು ಗುಬ್ಬಿ ಸಾಕಬೇಕಿತ್ತು" ಎಂದೆ ಗಂಡನಿಗೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

ಅರ್ಜಿ ನಾನೇ ತುಂಬಿದೆ. ನಲವತ್ತು ಪುಟದ ನಿಯಮಗಳನ್ನೂ ನಾನೇ ಓದಿದೆ. ಫೋನಿನಲ್ಲಿ ಅತ್ತೆಗೆ ಹೇಳಿದ್ದು ಮಾತ್ರ ಎರಡೇ ಮಾತು.

"ಗುರುವಾರ ಬರ್ತಾರೆ ಅತ್ತೆ. ತೋಪು ನೋಡ್ತಾರೆ."

"ಏನೇನು ನೋಡ್ತಾರೆ ಕಣ್ಣು?" (ಅತ್ತೆ ನನ್ನನ್ನು ಮುದ್ದಿನಿಂದ ಕರೆಯುವುದೇ ಹಾಗೆ, ಕಣ್ಣು ಅಂತ.)

"ಎಲ್ಲಾ ನೋಡ್ತಾರೆ."

ಒಲೆಯ ಮೇಲೆ ಹಾಲಿತ್ತು. ಫೋನಿಟ್ಟೆ.

ನಮ್ಮಲ್ಲಿ ಸಾಲ ಕೊಡುವವರು ತೋಟ ನೋಡಲು ಬರುವುದೆಂದರೆ ಹೆಣ್ಣು ನೋಡಲು ಬಂದ ಹಾಗೇ. ಕಳೆ ಕಂಡರೆ ಮನೆಯವಳು ಸೋಮಾರಿ ಎಂದು ಊರು ತೀರ್ಮಾನ ಮಾಡುತ್ತದೆ. ಗಂಡ ಹೋದ ಮೇಲೆ ಆ ಮಾತು ತನ್ನ ಮೇಲೆ ಬರದಂತೆ ಬದುಕಿದವರು ಅತ್ತೆ. ಈಚೆಗೆ ಮೂರು ವರ್ಷ ಮಂಡಿನೋವು, ಕೂಲಿಯೂ ದುಬಾರಿ. ಹಾಗಾಗಿ ತೋಪು ಸ್ವಲ್ಪ ಕಾಡಾಗಿತ್ತು. ಅದು ಅವರಿಗೆ ಒಳಗೊಳಗೇ ನಾಚಿಕೆಯ ವಿಷಯ. ಈಗ ಮುಂಬೈಯವರು ಬರುತ್ತಾರೆಂದರೆ ಸುಮ್ಮನಿರುತ್ತಾರೆಯೇ?

ಗುರುವಾರ ಬೆಳಿಗ್ಗೆ ನಾನು ದಿಂಡಿಗಲ್ಲಿನಲ್ಲಿ ರೈಲಿಳಿದು ಫಂಡಿನವರ ಜೀಪು ಹತ್ತಿದೆ. ಇಬ್ಬರಿದ್ದರು. ಒಬ್ಬ ಕರಣ್, ಮುಂಬೈಯ ಆಫೀಸರ್, ಮೂವತ್ತರೊಳಗಿನ ವಯಸ್ಸು, ಬಹಳ ಮರ್ಯಾದಸ್ಥ. ಇನ್ನೊಬ್ಬಳು ಸೆಲ್ವಿ, ದಿಂಡಿಗಲ್ಲಿನ ಹುಡುಗಿ, ಪ್ರಾಣಿಪಕ್ಷಿಗಳನ್ನು ಎಣಿಸುವುದು ಅವಳ ಕೆಲಸ. ಕೊರಳಲ್ಲಿ ದುರ್ಬೀನು, ಕಾಲಲ್ಲಿ ಮಣ್ಣು ಮೆತ್ತಿದ ಶೂ. ದಾರಿಯುದ್ದಕ್ಕೂ ಕರಣ್ ನನಗೆ ಪ್ರಕೃತಿಯೂ ಒಂದು ಬಂಡವಾಳ ಎಂದು ವಿವರಿಸಿದ. ಸೆಲ್ವಿ ಕಿಟಕಿಯಾಚೆ ನೋಡುತ್ತಿದ್ದಳು.

ಗೇಟಿನಲ್ಲಿ ಅತ್ತೆ ರೇಷ್ಮೆ ಸೀರೆ ಉಟ್ಟು, ಹೂವು ಹಣ್ಣಿನ ತಟ್ಟೆ ಹಿಡಿದು ನಿಂತಿದ್ದರು. ಹಿಂದೆ ಸಾಲಾಗಿ ಸುಣ್ಣ ಬಳಿದ ತೇಗದ ಮರಗಳು. ನೆಲದಲ್ಲಿ ಪೊರಕೆಯ ಗೀರು ಬಿಟ್ಟರೆ ಬೇರೇನೂ ಇಲ್ಲ.

"ವಾವ್, ಎಷ್ಟು ನೀಟಾಗಿದೆ" ಎಂದ ಕರಣ್. ಓದಿದ್ದು ಎಂಬಿಎ.

ಸೆಲ್ವಿ ಜೀಪಿನಿಂದ ಇಳಿದು ನೆಲವನ್ನೊಮ್ಮೆ ಶೂವಿನಿಂದ ಕೆರೆದು ನೋಡಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅಕ್ಕಾ, ಇಲ್ಲಿ ಬೆಂಕಿ ಬಿದ್ದಿತ್ತಾ?"

ಆದರೂ ಎಣಿಸಿದಳು. ಎರಡು ಗಂಟೆ ಬಿಸಿಲಲ್ಲಿ ಸುತ್ತಿ ಬಂದು ಲೆಕ್ಕ ಒಪ್ಪಿಸಿದಳು. ಕಾಗೆ ಎರಡು. ಮೈನಾ ಒಂದು. ಓತಿಕ್ಯಾತ ಒಂದು ಇತ್ತು, ಅದನ್ನು ಅತ್ತೆಯೇ ಶೂ ಎಂದು ಓಡಿಸಿದ್ದರು. ನೆಂಟರೆದುರು ಓತಿಕ್ಯಾತ ಏನು ಚೆಂದ?

ನಾನು ಅತ್ತೆಯನ್ನು ಮೋಟರ್ ಶೆಡ್ಡಿನ ಪಕ್ಕಕ್ಕೆ ಕರೆದು ನಿಜ ಹೇಳಿದೆ. ಇವರಿಗೆ ಬೇಕಾಗಿದ್ದದ್ದು ಕೊಳೆತ ಎಲೆ, ಕಸ, ನಮ್ಮ ಮಾತಿನಲ್ಲಿ ಕುಪ್ಪೆ. ಬೇಕಾಗಿದ್ದದ್ದು ಪೊದೆ. ಟೊಳ್ಳು ಮರ ಇದ್ದಿದ್ದರೆ ಅದಕ್ಕೆ ಬೇರೆ ಮಾರ್ಕು.

ಅತ್ತೆ ನನ್ನ ಮುಖವನ್ನೇ ನೋಡಿದರು.

"ಕುಪ್ಪೆ ಬೇಕು ಅಂತ ಮುಂದ್ಲೇ ಯೋಳಕ್ಕೂಡಾದಾ ಕಣ್ಣು? ಮೂರು ವರ್ಸದ ಕುಪ್ಪೆ ಇತ್ತು. ಕೂಲಿ ಕೊಟ್ಟು ಸುಟ್ಟೆ."

ನಾನು ನಕ್ಕದ್ದು ಆಗಲೇ. ನಕ್ಕು ನಕ್ಕು ಕಣ್ಣೊರೆಸಿಕೊಂಡು ನೋಡಿದರೆ ಅತ್ತೆ ನಗುತ್ತಿರಲಿಲ್ಲ. ಬೆಟ್ಟದ ಕಡೆ, ಮೈದುನನ ಹೊಲದ ಕಡೆ ತಿರುಗಿ ನಿಂತಿದ್ದರು. ಆಡಿ ಹುಟ್ಟಲು ಆರು ದಿನ ಇತ್ತು. ಆ ತಿಂಗಳು ಕಳೆದರೆ ಹಳ್ಳ ಈಜುಕೊಳಕ್ಕೆ ಹೋಗುತ್ತದೆ. ನನ್ನ ಒಂದು ಲೋಟ ಹಾಲಿನ ಅವಸರಕ್ಕೆ ಅವರ ಮೂರು ವರ್ಷದ ಕಾಡು ಬೂದಿಯಾಗಿತ್ತು. ನನಗೆ ನನ್ನ ಮೇಲೇ ಸಿಟ್ಟು ಬಂತು.

ಅಷ್ಟರಲ್ಲಿ ಸೆಲ್ವಿಗೆ ಏನೋ ಕೇಳಿಸಿತು.

ತೋಪಿನ ಹಿಂದಿನ ಮೂಲೆಯಲ್ಲಿ ಹೊಸದಾಗಿ ತೆಂಗಿನ ಗರಿಯ ತಡಿಕೆ ಕಟ್ಟಿತ್ತು. ಅದು ಸಾಲದು ಎಂಬಂತೆ ಅದರ ಮುಂದೆ ಟ್ರ್ಯಾಕ್ಟರಿನ ಟ್ರೇಲರ್ ತಂದು ನಿಲ್ಲಿಸಿದ್ದರು. ತಡಿಕೆಯ ಮೇಲಿಂದ ಒಂದು ಮಂಗಟ್ಟೆ ಹಾರಿ ಹೋಯಿತು. ಒಳಗೆ ಮರಕುಟಿಗ ಕುಟ್ಟುತ್ತಿತ್ತು.

"ಅದರ ಹಿಂದೆ ಏನಿದೆ ಪಾಟಿ?" ಎಂದು ಸೆಲ್ವಿ ಅತ್ತೆಯನ್ನು ಅಜ್ಜಿಯೆಂದೇ ಕರೆದು ತಮಿಳಿನಲ್ಲಿ ಕೇಳಿದಳು.

"ಏನೂ ಇಲ್ಲಮ್ಮಾ. ಅಲ್ಲಿ ಅಸಿಂಗವಾಗಿದೆ. ನೀ ಬಾ, ಎಳನೀರು ಕುಡಿ" ಎಂದರು ಅತ್ತೆ. ಅಸಿಂಗ ಎಂದರೆ ನೋಡಲಾರದಷ್ಟು ಕೊಳಕು.

ಅದು ನಮ್ಮ ಸಾಮಿ ಮೂಲೆ. ಅರ್ಧ ಎಕರೆ ಇದ್ದೀತು. ವಿಗ್ರಹ ಇಲ್ಲ, ಗುಡಿ ಇಲ್ಲ, ಒಂದು ಕಲ್ಲು ಅಷ್ಟೇ. ಅದರೊಳಗೆ ಕತ್ತಿ ಹಾಕುವಂತಿಲ್ಲ, ಕಡ್ಡಿ ಮುರಿಯುವಂತಿಲ್ಲ, ಬಿದ್ದ ಹಣ್ಣನ್ನು ಹೊರಗೆ ತರುವಂತಿಲ್ಲ. ಪೊರಕೆಯೂ ಹೋಗುವಂತಿಲ್ಲ. ವರ್ಷಕ್ಕೊಮ್ಮೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಪೊಂಗಲ್ ಇಟ್ಟು ಬರುತ್ತೇವೆ. ಮೂರು ಹಳೆಯ ಹೊನ್ನೆ ಮರ, ಇಪ್ಪೆ, ಮತ್ತಿ, ಅವುಗಳ ಮೇಲೆಲ್ಲ ಹಬ್ಬಿದ ಬಳ್ಳಿ. ಗುಡಿಸಲಾಗದ ಆ ಜಾಗವನ್ನು ಅತ್ತೆ ಮರೆ ಮಾಡಿದ್ದರು. ಹೆಣ್ಣು ನೋಡಲು ಬಂದಾಗ ಮನೆಯ ಮುರುಕು ಸಾಮಾನನ್ನೆಲ್ಲ ಒಂದು ಕೋಣೆಗೆ ತುಂಬಿ ಚಿಲಕ ಹಾಕುತ್ತೇವಲ್ಲ, ಹಾಗೆ.

ಸೆಲ್ವಿ ಶೂ ಬಿಚ್ಚಿ ಒಳಗೆ ಹೋದಳು. ಒಂದೂವರೆ ಗಂಟೆ ಬರಲಿಲ್ಲ. ಬಂದಾಗ ತಲೆ ತುಂಬ ಕಸ, ಮೊಣಕೈ ಗೀರಿ ರಕ್ತ, ನೋಟ್‌ಬುಕ್ಕಿನ ಐದು ಪುಟ ಭರ್ತಿ.

"ತೇವಾಂಗು ಇದೆ ಅಕ್ಕಾ" ಎಂದಳು. ಅವಳ ಕಣ್ಣು ತುಂಬಿತ್ತು. "ಬಳ್ಳಿಯೊಳಗೆ ಮುದುಡಿಕೊಂಡು ಮಲಗಿದೆ. ಎರಡು."

ತೇವಾಂಗು ಎಂದರೆ ಕಾಡುಪಾಪ. ಹಿಡಿ ಮೈ, ಕಡ್ಡಿ ಕೈಕಾಲು, ಮುಖದ ತುಂಬ ಕಣ್ಣು. ನಮ್ಮ ಕಡೆ ಸಣಕಲು ಮಕ್ಕಳನ್ನು ಹಾಗೆಂದೇ ಬೈಯುವುದು.

"ತೇವಾಂಗಾ?" ಅತ್ತೆಗೆ ನಂಬಿಕೆ ಬರಲಿಲ್ಲ. "ಅದಕ್ಕಾ ವಟ್ಟಿ ಕಮ್ಮಿ ಮಾಡ್ತಾರೆ?"

(ನನ್ನನ್ನೂ ಹತ್ತು ವರ್ಷದವರೆಗೆ ತೇವಾಂಗು ಎಂದೇ ಕರೆಯುತ್ತಿದ್ದರು. ಯಾರೂ ಯಾವ ಬಡ್ಡಿಯನ್ನೂ ಬಿಡಲಿಲ್ಲ.)

ಊಟಕ್ಕೆ ಮೋಟರ್ ಶೆಡ್ಡಿನ ನೆರಳಲ್ಲಿ ಕೂತೆವು. ಕರಣ್ ಲ್ಯಾಪ್‌ಟಾಪ್ ತೆರೆದ, ಮುಂಬೈಗೆ ಫೋನ್ ಮಾಡಿದ, ಆಮೇಲೆ ಒಂದೊಂದೇ ಹೇಳತೊಡಗಿದ. ಅವನು ಇಂಗ್ಲಿಷಿನಲ್ಲಿ ಹೇಳುವುದು, ನಾನು ಮನೆಮಾತಿಗೆ ತರುವುದು.

ಮೂಲೆಯ ಕಾಡು ಅದ್ಭುತ, ಎಂದ. ಆದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಯಾಕೆ?

ಯಾಕೆಂದರೆ ಅದು ಮೊದಲೇ ಇತ್ತು. ನಮ್ಮ ಸಾಲದಿಂದ ಆದದ್ದಲ್ಲ. ಸಾಲ ಕೊಡದಿದ್ದರೂ ನೀವು ಅದನ್ನು ಕಡಿಯುತ್ತಿರಲಿಲ್ಲ. ಕಡಿಯದವರಿಗೆ ಕಡಿಯಬೇಡಿ ಎಂದು ಯಾಕೆ ರಿಯಾಯಿತಿ ಕೊಡಬೇಕು? ಇದಕ್ಕೆ ಅಡಿಷನಾಲಿಟಿ ಅನ್ನುತ್ತಾರೆ.

ಅಡಿಷನಾಲಿಟಿಯನ್ನು ಕಂಬಂ ಕನ್ನಡಕ್ಕೆ ತರುವುದು ಹೇಗೆ? "ಮುಂದ್ಲಿಂದ ಒಳ್ಳೆಯವರಾಗಿದ್ದರೆ ಪ್ರಯೋಜನ ಇಲ್ಲ ಅಂತಾರೆ ಅತ್ತೆ" ಎಂದೆ.

"ಅದು ಗೊತ್ತಿರೋದು ತಾನೆ" ಎಂದರು ಅತ್ತೆ.

ಇನ್ನು ಗುಡಿಸಿದ ತೋಪಿನ ವಿಷಯ. ಕರಣ್ ಮುಖ ಅರಳಿತು. ಅದು ಬಹಳ ಒಳ್ಳೆಯ ಸುದ್ದಿ ಎಂದ. ಎರಡು ಕಾಗೆ, ಒಂದು ಮೈನಾ. ಇಂಥ ಬೇಸ್‌ಲೈನ್, ಅಂದರೆ ಹೋಲಿಕೆಗೆ ಮೊದಲ ಎಣಿಕೆ, ಎಲ್ಲಿ ಸಿಗುತ್ತದೆ? ಇನ್ನು ಒಂದು ಕಪ್ಪೆ ಬಂದರೂ ಪ್ರಗತಿ. ನಾಲ್ಕು ಎಲೆ ಗುಡಿಸದೆ ಬಿಟ್ಟರೂ ಪ್ರಗತಿ. ವರ್ಷ ವರ್ಷ ಬಡ್ಡಿ ಇಳಿಯುವುದು ಗ್ಯಾರಂಟಿ. "ಎಣಿಕೆಗೆ ಮುಂಚೆ ಕ್ಲೀನ್ ಮಾಡೋದು... ಇಂಟರೆಸ್ಟಿಂಗ್" ಎಂದು ತನಗೇ ಹೇಳಿಕೊಂಡು ಏನೋ ಬರೆದಿಟ್ಟುಕೊಂಡ. ಸೆಲ್ವಿ ಅನ್ನದ ತಟ್ಟೆ ಬಿಟ್ಟು ಎದ್ದು ಹೋದಳು.

ಅವನನ್ನು ಬೈದು ಏನು ಪ್ರಯೋಜನ ಹೇಳಿ. ಜಗತ್ತೇ ಹಾಗೆ ನಡೆಯುತ್ತಿಲ್ಲವೇ? ಮೂವತ್ತು ವರ್ಷ ಒಂದು ತೊಟ್ಟೂ ಕುಡಿಯದ ಗಂಡಸಿಗೆ ಯಾರಾದರೂ ಹಾರ ಹಾಕಿದ್ದಾರೆಯೇ? ಮನೆ ಮಠ ಕುಡಿದು ಆಮೇಲೆ ಬಿಟ್ಟವನಿಗೆ ಸನ್ಮಾನ, ಫೋಟೋ, ಎರಡು ಮಾತು ಭಾಷಣ. ನನ್ನ ಆಫೀಸಿನಲ್ಲಿ ದಿನಾ ಒಂಬತ್ತೂವರೆಗೆ ಬರುವವಳು ನಾನು. ಹನ್ನೊಂದಕ್ಕೆ ಬರುತ್ತಿದ್ದವನು ಒಂದು ತಿಂಗಳು ಹತ್ತಕ್ಕೆ ಬಂದ, ಇಂಪ್ರೂವ್‌ಮೆಂಟ್ ಎಂದು ಕಪ್ ಕೊಟ್ಟರು. ಕಪ್ ಕೊಡುವಾಗ ಚಪ್ಪಾಳೆ ತಟ್ಟಿದವಳೂ ನಾನೇ.

ಇರಲಿ. ಕತೆಯ ಗಂಟು ಇನ್ನೂ ಮುಂದಿದೆ.

ಹನ್ನೆರಡು ವರ್ಷದ ತೇಗ ಅಡಮಾನಕ್ಕೆ ಸಾಲದು ಎಂದ ಕರಣ್. ಅತ್ತೆ ಕೇಳಿದಷ್ಟು ಸಾಲ ಬೇಕಾದರೆ ಇನ್ನಷ್ಟು ಗಟ್ಟಿ ಮರ ಬೇಕು. ಮೂಲೆಯ ಆ ಮೂರು ಹೊನ್ನೆ, ಆ ಮತ್ತಿ ಸೇರಿಸಿದರೆ ಸರಿಹೋಗುತ್ತದೆ. ಅವನ ಮೊಬೈಲಿನ ಆ್ಯಪ್ ಆಗಲೇ ಅವುಗಳ ಸುತ್ತಳತೆ ಹಿಡಿದು ಎಷ್ಟು ಹಲಗೆ ಬರುತ್ತದೆ ಎಂದು ಹೇಳಿಬಿಟ್ಟಿತ್ತು.

ಗಮನಿಸಿದಿರಾ? ಜೀವ ಎಣಿಸುವಾಗ ಆ ಮೂಲೆಗೆ ಬೆಲೆಯೇ ಇರಲಿಲ್ಲ. ಹಲಗೆ ಎಣಿಸುವಾಗ ತೋಪಿಗೆಲ್ಲ ಅದೇ ದುಬಾರಿ ಜಾಗ.

"ಕಡಿಯುವುದಿಲ್ಲ ಅಮ್ಮಾಜಿ" ಎಂದ, ಬಹಳ ವಿನಯದಿಂದ. "ಪೇಪರಿನಲ್ಲಿ ಅಷ್ಟೇ. ಕಂತು ತಪ್ಪಿದರೆ ಮಾತ್ರ."

ನಾನು ಅನುವಾದಿಸಿದೆ. ಅತ್ತೆ ತಲೆ ಅಲ್ಲಾಡಿಸಿದರು.

"ಆ ಮರ ಬೇಡ. ಬೇರೆ ಏನು ಬೇಕಾದ್ರೂ ಎಳ್ದಿಕೊಳ್ಳಾಕೆ ಯೋಳು." ಎಳ್ದಿಕೊಳ್ಳೋದು ಎಂದರೆ ಬರೆದುಕೊಳ್ಳುವುದು.

ಇಲ್ಲಿ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಾನು ಕರಣ್ ಕಡೆಗೆ ಸೇರಿಕೊಂಡೆ. ಹಳ್ಳ ಹೋಗುತ್ತದೆ ಅತ್ತೆ ಎಂದೆ. ತೇಗ ಎಲ್ಲ ಕಂಬದ ರೇಟಿಗೆ ಹೋಗುತ್ತದೆ ಎಂದೆ. ಕಂತು ನಾನು ನೋಡಿಕೊಳ್ಳುತ್ತೇನೆ ಎಂದೆ. ಕೊನೆಗೆ, "ಬರೀ ಕಾಗದದಲ್ಲಿ ತಾನೆ ಅತ್ತೆ, ಸಹಿ ಹಾಕಿ" ಎಂದೆ.

"ಹಂಗಾ" ಎಂದರು ಅತ್ತೆ. ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. "ಹಂಗಾದ್ರೆ ಆ ಮರಕ್ಕೆ ಬದ್ಲು ನಿನ್ನ ಮೈಸೂರು ಮನೆ ಎಳ್ದಿ ಕೊಡು. ಕಾಗ್ದದಾಗೆ ತಾನೆ."

ಹದಿನೆಂಟು ವರ್ಷ ಕಂತು ಕಟ್ಟಿ ಮಾಡಿಕೊಂಡ ಮನೆ. ಅದರ ಪತ್ರ ಇನ್ನೊಬ್ಬರ ಕಪಾಟಿನಲ್ಲಿ ಇರುವುದನ್ನು ನೆನೆಸಿಕೊಂಡ ಕೂಡಲೇ ಕಾಗದದ ತೂಕ ಎಷ್ಟೆಂದು ತಿಳಿಯಿತು. ಅತ್ತೆಗೆ ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಕರಣ್ ಬಿಡಲಿಲ್ಲ. ಜಮೀನಿನ ಹಕ್ಕುಪತ್ರ, ಪಟ್ಟಾದ ಪ್ರತಿ ತೆಗೆದು ತೋರಿಸಿದ. "ಇದರಲ್ಲಿ ಎಂಟೂ ಎಕರೆ ಅಮ್ಮಾಜಿಯ ಹೆಸರಲ್ಲೇ ಇದೆಯಲ್ಲ. ಮರ ಅವರದೇ."

"ಹೆಸ್ರು ನಂದು" ಎಂದರು ಅತ್ತೆ. "ಮರ ನಂದಿಲ್ಲೆ."

"ಮತ್ತೆ ಯಾರದು?"

"ಸಾಮಿದು. ಮತ್ತೆ ಅದರೊಳಗೆ ಇರೋವ್ರದು."

ನಾನು ಇದ್ದ ಹಾಗೇ ಇಂಗ್ಲಿಷಿಗೆ ತಂದೆ. ಕರಣ್ ಪಟ್ಟಾ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ಎಳೆದುಕೊಂಡ. ತಮಾಷೆಗಲ್ಲ, ನಿಜವಾಗಿಯೂ ಕೇಳಿದ: "ಅವರ ಕಡೆಯಿಂದ ಒಂದು ನೋ ಅಬ್ಜೆಕ್ಷನ್ ಸಿಗಬಹುದಾ?"

ನಾನು ಅದನ್ನು ಅನುವಾದಿಸಲಿಲ್ಲ. ಅವನು ಲ್ಯಾಪ್‌ಟಾಪಿನಲ್ಲಿ ಒಂದು ಕಾಲಂ ತುಂಬಿದ. ಇಣುಕಿ ನೋಡಿದೆ: ಥರ್ಡ್ ಪಾರ್ಟಿ ಕ್ಲೇಮ್, ಯೆಸ್. ಬೇರೆಯವರ ಹಕ್ಕೂ ಇದೆ ಎಂದು.

ಮೂರು ವಾರ ಬಿಟ್ಟು ಮೇಲ್ ಬಂತು. ಜೀವವೈವಿಧ್ಯದ ದೃಷ್ಟಿಯಿಂದ ಯೋಜನೆ ಬಹಳ ಆಕರ್ಷಕವಾಗಿದೆ, ಆದರೆ ಆಸ್ತಿಯ ಮಾಲೀಕತ್ವದ ಬಗ್ಗೆ ತಕರಾರು ಇರುವುದರಿಂದ ಸಾಲ ಕೊಡಲಾಗುವುದಿಲ್ಲ ಎಂದಿತ್ತು. ನಾನದನ್ನು ಎರಡು ಸಲ ಓದಿದೆ. ತಕರಾರು ಮಾಡಿದವರು ಯಾರು? ಎರಡು ಕಾಡುಪಾಪ, ಒಂದು ಕಲ್ಲು. ಅವುಗಳಿಗಾಗಿ ಶುರುವಾದ ಫಂಡು ಅವುಗಳದೇ ಆಕ್ಷೇಪಣೆಯ ಮೇಲೆ ಹಿಂದಕ್ಕೆ ಸರಿದಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತೇವೆ. ಇಲ್ಲಿ ಪೂಜಾರಿ ಕೊಡಲು ಬಂದಿದ್ದ, ದೇವರ ಹೆಸರು ಪಟ್ಟಾದಲ್ಲಿ ಇರಲಿಲ್ಲ.

ಫೋನ್ ಮಾಡಿ ಹೇಳಿದೆ. ಅತ್ತೆ "ಸರಿ ಕಣ್ಣು" ಎಂದರು. ಹಾಲು ಉಕ್ಕಿದರೆ ಉಕ್ಕಲಿ ಎಂದು ಆ ದಿನ ಅರ್ಧ ಗಂಟೆ ಮಾತಾಡಿದೆ.

ಆವಣಿಯ ಮೊದಲ ವಾರದಲ್ಲಿ ಅತ್ತೆ ದಿಂಡಿಗಲ್ಲಿನ ಮರದ ವ್ಯಾಪಾರಿಯನ್ನು ಕರೆಸಿದರು. ಮೂರು ಎಕರೆ ತೇಗ, ಕಂಬದ ರೇಟಿಗೆ. ಅದರ ಜೊತೆಗೆ ಮೂರು ಎಳೆ ಚಿನ್ನದ ಸರ ಹೋಯಿತು. ಮೈದುನನ ನಾಲ್ಕು ಎಕರೆ ಅತ್ತೆಯ ಹೆಸರಿಗೆ ಆಯಿತು. ರಿಜಿಸ್ಟ್ರೇಷನ್ ದಿನ ನಾನು ತೇನಿಯ ಆಫೀಸಿನಲ್ಲಿ ಅವರ ಪಕ್ಕದಲ್ಲಿ ಸಾಕ್ಷಿ ಸಹಿ ಹಾಕಿದೆ. ಹಳ್ಳ ಉಳಿಯಿತು. ಸಂತೋಷ ಪಡಬೇಕಾದ ದಿನ. ಆದರೆ ಇನ್ನು ಹತ್ತು ವರ್ಷಕ್ಕೆ ಬಾಗಿಲಾಗಬೇಕಿದ್ದ ಮರಗಳನ್ನು ಎಳೆ ವಯಸ್ಸಿನಲ್ಲೇ ಮಾರಿಬಿಟ್ಟೆನಲ್ಲ ಎಂದು ಅತ್ತೆ ಬಸ್ಸಿನಲ್ಲಿ ಒಂದೇ ಒಂದು ಸಲ ಹೇಳಿದರು. ಆಮೇಲೆ ಕಿಟಕಿ ಕಡೆ ಮುಖ ಮಾಡಿ ಕೂತರು.

ಕೊಡಲಿ ಬೀಳುವ ಹಿಂದಿನ ದಿನ ನಾನು ಅಲ್ಲೇ ಇದ್ದೆ. ವ್ಯಾಪಾರಿಯ ಆಳುಗಳು ಹಗ್ಗ, ಗರಗಸ ಇಳಿಸಿ, ಒಂದು ಮರವನ್ನೂ ಮುಟ್ಟದೆ ಹೊರಟರು. ಯಾಕೆ ಎಂದು ಕೇಳಿದೆ. "ಅಮ್ಮ ಇನ್ನೂ ಹೇಳಿಲ್ಲವಲ್ಲ" ಎಂದ ಮೇಸ್ತ್ರಿ. ನಮ್ಮ ಕಣಿವೆಯಲ್ಲಿ ಮರಕ್ಕೆ ಹೇಳದೆ ಮರ ಕಡಿಯುವುದಿಲ್ಲ. ಇಷ್ಟು ವರ್ಷ ಪೇಟೆಯಲ್ಲಿದ್ದು ನನಗೆ ಅದು ಮರೆತೇಹೋಗಿತ್ತು.

ನಾಲ್ಕು ಗಂಟೆಯ ಬಿಸಿಲಲ್ಲಿ ಅತ್ತೆ ಹೊರಟರು. ನಾನು ಅರಿಶಿನ ನೀರಿನ ಚೊಂಬು ಹಿಡಿದು ಹಿಂದೆ ಹೋದೆ. ಕೆಳಗೆ ಹೊಸ ಕಳೆ ಆಗಲೇ ಮೊಳಕಾಲು ಮುಟ್ಟಿತ್ತು. ಈ ಸಲ ಅದನ್ನು ಯಾರೂ ಕಿತ್ತಿರಲಿಲ್ಲ. ಅತ್ತೆ ಮಂಡಿ ಹಿಡಿದುಕೊಂಡು ಒಂದು ಮರದಿಂದ ಇನ್ನೊಂದು ಮರಕ್ಕೆ ನಡೆದರು. ಒಂದೊಂದಕ್ಕೂ ಅಂಗೈಯಿಂದ ನೀರು ತಾಗಿಸಿ, ಮೇಲೆ ಕೊಂಬೆಗಳ ಕಡೆ ನೋಡಿ, ಅದೇ ಮಾತು ಹೇಳಿದರು.

"ನಾಳೆ ಕಾಲತ್ತು ಕೊಡ್ಲಿ ಬತ್ತದೆ. ಇದ್ರಾಗೆ ಇರೋವ್ರೆಲ್ಲಾ ಎದ್ದು ಸಾಮಿ ಮೂಲೆಗೆ ಹೋಗ್ರಿ. ಅಲ್ಲಿ ಎಡೆ ಇದೆ. ಮರಿಗೊಳ್ನ ಬಿಟ್ಟು ಹೋಗ್ಬೇಡ್ರಿ. ನಂದು ತಪ್ಪು, ಕೋಪ ಮಾಡ್ಬೇಡ್ರಿ."

ಮೊದಲ ಸಾಲು ಮುಗಿಯುವಷ್ಟರಲ್ಲಿ ಅವರ ದನಿ ಒಡೆದಿತ್ತು. ನಾನು ಹೇಳಲಾ ಅತ್ತೆ ಎಂದೆ. ಕಡಿಸುತ್ತಿರುವುದು ನಾನು, ನಾನೇ ಹೇಳಬೇಕು ಎಂದರು. ಮೂರು ಎಕರೆಯ ಮರಕ್ಕೆಲ್ಲ ಹಾಗೇ ಹೇಳಿದರು. ಎರಡು ಸಲ ಚೊಂಬು ತುಂಬಿಸಿಕೊಂಡು ಬಂದೆ. ಅಳಿಲೊಂದು ಕೊಂಬೆಯಿಂದ ಕೊಂಬೆಗೆ ಹಾರಿ ಹೋಯಿತು, ಮೂಲೆಯ ಕಡೆಗೇ ಹೋಯಿತೋ ಇಲ್ಲವೋ ನಾನು ನೋಡಲಿಲ್ಲ. ನನಗೂ ಕಣ್ಣು ಕಾಣಿಸುತ್ತಿರಲಿಲ್ಲ.

ನಲವತ್ತು ಪುಟದ ಆ ನಿಯಮಾವಳಿಯನ್ನು ಮೈಸೂರಿಗೆ ಬಂದು ಮತ್ತೆ ಓದಿದೆ. ಕಂತು ತಪ್ಪಿದರೆ ಸಾಲಗಾರರಿಗೆ ಎಷ್ಟು ದಿನದ ನೋಟಿಸ್, ಜಾಮೀನುದಾರರಿಗೆ ಎಷ್ಟು ದಿನದ ನೋಟಿಸ್, ಎಲ್ಲ ಇದೆ. ಮರದೊಳಗೆ ಇರುವವರ ಬಗ್ಗೆ ಒಂದು ಸಾಲೂ ಇಲ್ಲ.

ಒಕ್ಕಲೆಬ್ಬಿಸುವ ಮುನ್ನಾದಿನ ತಾನೇ ಬಾಗಿಲಿಗೆ ಬಂದು, ತಪ್ಪು ನನ್ನದೆಂದು ಒಪ್ಪಿಕೊಂಡು, ಹೋಗಲು ಇನ್ನೊಂದು ಜಾಗವನ್ನೂ ತೋರಿಸುವ ಸಾಲದ ಕಂಪನಿ ಒಂದಾದರೂ ನಿಮಗೆ ಗೊತ್ತೇ?